ಪಪ್ಪಾಯಿ ಬೀಜದ ತಲೆಗೆ ಕಟ್ಟಿದ ಅಪವಾದ

ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಯಾರಾದರೂ 'ಈ ಸಲ ಪಪ್ಪಾಯಿ ಹಚ್ಚಬೇಕಂತ ಮಾಡೀನಿ' ಅಂದರೆ ಸಾಕು, ಕಟ್ಟೆಯ ಮೇಲೆ ಕೂತ ಹಿರಿಯರಿಂದ ಹಿಡಿದು ಗೊಬ್ಬರದಂಗಡಿಯ ಸಾಹುಕಾರನವರೆಗೆ ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಾರೆ. 'ಬೀಜದ್ದು ಹಚ್ಚಬ್ಯಾಡ್ರಿ ಕಾಕಾ, ಎಲ್ಲಾ ಗಂಡ ಆಗ್ತಾವ. ನರ್ಸರಿ ಸಸೀನ ತರ್ರಿ, ತೈವಾನ್ 786.' ಹೇಳುವವನಿಗೆ ಅನುಮಾನವಿಲ್ಲ, ಕೇಳುವವನಿಗೂ ಇಲ್ಲ. ಟೆಂಪೋ ಬರುತ್ತದೆ, ಟ್ರೇಗಳು ಇಳಿಯುತ್ತವೆ, ದುಡ್ಡು ಎಣಿಸಿ ಕೊಟ್ಟದ್ದಾಗುತ್ತದೆ. ಒಂದು ಹಣ್ಣು ಸೀಳಿದರೆ ನೂರಾರು ಬೀಜ ಉದುರುವ ಗಿಡದ ಒಂದೊಂದು ಸಸಿಗೂ ರೊಕ್ಕ ಕೊಡುವ ಈ ರೂಢಿಯನ್ನು ಯಾರೂ ಪ್ರಶ್ನಿಸಿದಂತಿಲ್ಲ. ಪ್ರಶ್ನಿಸಬೇಕು. ಮನೆಬೀಜ ಗಂಡಾಗುತ್ತದೆ ಎಂಬುದು ಇವತ್ತಿನ ಪೇಟೆಯ ಹಣ್ಣಿನ ಮಟ್ಟಿಗೆ ಸುಳ್ಳು. ನರ್ಸರಿ ಸಸಿ ಖಾತ್ರಿ ಎಂಬುದು ಅದಕ್ಕಿಂತ ದೊಡ್ಡ ಸುಳ್ಳು. ಪಪ್ಪಾಯಿ ತೋಟದಲ್ಲಿ ಖಾತ್ರಿ ಎಂಬುದೇನಾದರೂ ಸಿಗುವುದಿದ್ದರೆ ಅದು ಬೀಜ ಅಗ್ಗವಾಗಿದೆ ಎಂಬ ಕಾರಣಕ್ಕೇ ಸಿಗಬೇಕು ಎಂಬುದು ನನ್ನ ವಾದ.

ಗಂಡಿನ ಮಾತನ್ನು ಮೊದಲು ತೀರಿಸಿಬಿಡೋಣ. ಪಪ್ಪಾಯಿಯಲ್ಲಿ ಮೂರು ತರದ ಗಿಡಗಳಿವೆ. ಗಂಡು ಗಿಡ ಉದ್ದುದ್ದ ತೊಟ್ಟು ಇಳಿಬಿಟ್ಟು ಗೊಂಚಲು ಗೊಂಚಲಾಗಿ ಸಣ್ಣ ಹೂ ಬಿಡುತ್ತದೆ, ದಾರಿಯಲ್ಲಿ ಹೋಗುವವನಿಗೂ ಗೊತ್ತಾಗುತ್ತದೆ. ಹೆಣ್ಣು ಗಿಡದ ಹೂ ಎಲೆತೊಟ್ಟಿನ ಸಂದಿಗೆ ಅಂಟಿಕೊಂಡಿರುತ್ತದೆ. ಮೊಗ್ಗಿನ ಬುಡ ದಪ್ಪ, ತುದಿ ಚೂಪು, ಕಾಯಿ ದುಂಡಗೆ. ಮೂರನೆಯದು ದ್ವಿಲಿಂಗಿ. ಒಂದೇ ಹೂವಿನಲ್ಲಿ ಕೇಸರವೂ ಉಂಟು, ಅಂಡಾಶಯವೂ ಉಂಟು. ಮೊಗ್ಗು ಸಪೂರ, ಕಾಯಿ ನೀಳ. ಇವು ಬೀಜದಲ್ಲಿ ಹೇಗೆ ಬರುತ್ತವೆ ಎಂಬುದನ್ನು ದಕ್ಷಿಣ ಆಫ್ರಿಕಾದ ಹಾಫ್‌ಮೆಯರ್ ಮತ್ತು ಹವಾಯಿಯ ಸ್ಟೋರಿ ಎಂಬ ಇಬ್ಬರು ವಿಜ್ಞಾನಿಗಳು ತಮ್ಮ ತಮ್ಮ ಪಾಡಿಗೆ ಕೆಲಸ ಮಾಡಿ 1938ರಲ್ಲೇ ಬಿಡಿಸಿಟ್ಟರು. ಅವರ ಲೆಕ್ಕ ಕಷ್ಟದ್ದೇನಲ್ಲ. ಬೀಜದಲ್ಲಿ ಗಂಡು ಬರಬೇಕಾದರೆ ಪರಾಗ ಕೊಟ್ಟದ್ದು ಗಂಡು ಗಿಡವೇ ಆಗಿರಬೇಕು. ಹೆಣ್ಣಿಗೆ ಗಂಡಿನ ಪರಾಗ ಬಿದ್ದರೆ ಸಂತಾನ ಅರ್ಧ ಗಂಡು, ಅರ್ಧ ಹೆಣ್ಣು. ದ್ವಿಲಿಂಗಿ ಹೂವಿಗೆ ಅದರದೇ ಪರಾಗ ಬಿದ್ದರೆ ಮೂರರಲ್ಲಿ ಎರಡು ದ್ವಿಲಿಂಗಿ, ಒಂದು ಹೆಣ್ಣು. ಎರಡೂ ಕಡೆಯಿಂದ ದ್ವಿಲಿಂಗಿ ಗುಣವನ್ನೇ ಪಡೆದ ಬೀಜ ಭ್ರೂಣದಲ್ಲೇ ಸತ್ತುಹೋಗುವುದರಿಂದ ಲೆಕ್ಕ ಹೀಗೆ ಬರುತ್ತದೆ. ಇದರಲ್ಲಿ ಗಂಡಿಗೆ ಜಾಗವೇ ಇಲ್ಲ.

ಹಿರಿಯರು ಸುಳ್ಳು ಹೇಳಿದವರಲ್ಲ. ಅವರ ಕಾಲದಲ್ಲಿ ಬಚ್ಚಲ ನೀರು ಕುಡಿದು ಹಿತ್ತಲಲ್ಲಿ ಬೆಳೆಯುತ್ತಿದ್ದ ಹಳದಿ ತಿರುಳಿನ ನಾಟಿ ಪಪ್ಪಾಯಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಅದರ ಬೀಜ ಹಾಕಿದರೆ ಅರ್ಧಕ್ಕರ್ಧ ಗಂಡೇ. ಎರಡು ಗಿಡ ಎಬ್ಬಿಸಿದ ಮನೆಯಲ್ಲಿ ಎರಡೂ ಗಂಡಾಗುವ ಸಂಭವ ನಾಲ್ಕರಲ್ಲಿ ಒಂದು. ಹಾಗಾದವನು ಆ ಕಥೆಯನ್ನು ಊರಿಗೆಲ್ಲ ಹೇಳುತ್ತಾನೆ, ಆಗದವನು ಸುಮ್ಮನೆ ಹಣ್ಣು ತಿನ್ನುತ್ತಾನೆ. ಆದರೆ ಇವತ್ತು ಬೀದರಿನ ಚೌಬಾರಾ ಸುತ್ತಲಿನ ಬಂಡಿಗಳ ಮೇಲೆ, ಗಾಂಧಿ ಗಂಜ್‌ನಲ್ಲಿ, ಭಾಲ್ಕಿ ಬಸ್‌ಸ್ಟ್ಯಾಂಡಿನ ಮುಂದೆ ಕೊಯ್ದಿಟ್ಟ ಹಣ್ಣನ್ನು ನೋಡಿ. ನೀಳ ಹಣ್ಣು, ಕೆಂಪು ತಿರುಳು. ಅದು ದ್ವಿಲಿಂಗಿ ಗಿಡದ್ದು, ಬೆಳೆದ ತೋಟದಲ್ಲಿ ಗಂಡು ಗಿಡವೇ ಇರಲಿಲ್ಲ. ಅದರ ಬೀಜ ಗಂಡಾಗುತ್ತದೆ ಎಂದು ಹೆದರುವುದು, ಮಾರಿಹೋದ ಎತ್ತು ಇನ್ನೂ ಹಾಯುತ್ತದೆಂದು ಕೊಟ್ಟಿಗೆಯ ಹೊರಗೆ ನಿಂತ ಹಾಗೆ. (ಪಪ್ಪಾಯಿ ಬೀಜದ ಬೆಲೆಯನ್ನು ಸರಿಯಾಗಿ ಅರಿತವರು ನಮ್ಮ ದೇಶದಲ್ಲಿ ಒಬ್ಬರೇ, ಅದನ್ನು ಒಣಗಿಸಿ ಕಾಳುಮೆಣಸಿಗೆ ಬೆರೆಸುವವರು.)

ಅಪವಾದ ಇನ್ನೂ ಬದುಕಿರುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ದ್ವಿಲಿಂಗಿ ಗಿಡದ ಹೂವಿನಲ್ಲಿ ಅಂಡಾಶಯ ಮುರುಟಿ ಕೇಸರವಷ್ಟೇ ಉಳಿಯುತ್ತದೆ. ಹೂ ಬರುತ್ತದೆ, ಉದುರುತ್ತದೆ, ಕಾಯಿ ನಿಲ್ಲುವುದಿಲ್ಲ. ನೀರು ಕಡಿಮೆಯಾದರೆ ಇದು ಮತ್ತಷ್ಟು ಹೆಚ್ಚು. ಕಾಂಡದ ಮೇಲೆ ಕೆಳಗೆ ಕಾಯಿ, ಮೇಲೆ ಕಾಯಿ, ನಡುವೆ ಮೊಳದುದ್ದ ಬರಿದಾದ ಜಾಗ ಕಾಣುತ್ತದಲ್ಲ, ಅದು ಆ ಬೇಸಿಗೆಯ ಗುರುತು. ಬೋರ್‌ವೆಲ್ ಸೊರಗಿದ ಹೊತ್ತಿನಲ್ಲಿ ತೋಟಕ್ಕೆ ಬಂದು ನೋಡಿದ ರೈತ 'ಗಿಡ ಗಂಡಾತು' ಅನ್ನುತ್ತಾನೆ. ಅವನ ತೋಟ ಮನೆಬೀಜದ್ದಾಗಿದ್ದರೆ ತಪ್ಪು ಬೀಜದ ತಲೆಗೆ. ಪಕ್ಕದ ತೋಟ ನರ್ಸರಿಯದ್ದಾಗಿದ್ದು ಅಲ್ಲೂ ಹೀಗೇ ಆಗಿದ್ದರೆ ತಪ್ಪು ಬಿಸಿಲಿನ ತಲೆಗೆ. ಒಂದೇ ರೋಗಕ್ಕೆ ಎರಡು ನ್ಯಾಯ. ಹೆಣ್ಣು ಗಿಡಕ್ಕೆ ಈ ಚಂಚಲತೆ ಇಲ್ಲ, ಬಿಸಿಲಾದರೂ ಅದರ ಹೂ ಹೆಣ್ಣಾಗಿಯೇ ಇರುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಈಗ ನರ್ಸರಿ ಸಸಿಯ ಖಾತ್ರಿಗೆ ಬರೋಣ. ಟ್ರೇಯಲ್ಲಿರುವ ಗೇಣುದ್ದದ ಸಸಿಯನ್ನು ನೋಡಿ ಅದು ಹೆಣ್ಣೋ ದ್ವಿಲಿಂಗಿಯೋ ಹೇಳಬಲ್ಲ ಕಣ್ಣು ಈ ಭೂಮಿಯ ಮೇಲಿಲ್ಲ. ಬೇರು ನೆಟ್ಟಗಿದ್ದರೆ ಇದು, ಕವಲೊಡೆದಿದ್ದರೆ ಅದು, ಬೀಜ ಕಪ್ಪಗಿದ್ದರೆ ಹೆಣ್ಣು, ಬಿಳಿಚಿದ್ದರೆ ಗಂಡು ಎಂಬ ಮಾತೆಲ್ಲ ಕಟ್ಟೆಯ ಮೇಲಿನ ಕಾಲಹರಣ. ಡಿಎನ್‌ಎ ಪರೀಕ್ಷೆಯಿಂದ ತಿಳಿಯಬಹುದು; ಆದರೆ ನಮ್ಮ ಕಡೆ ಸಸಿ ಮಾರುವ ಯಾರೂ ಅಂಥ ಪರೀಕ್ಷೆ ಮಾಡಿಸಿ ಟೆಂಪೋ ಏರಿಸಿದ್ದನ್ನು ನಾನು ಕಂಡಿಲ್ಲ. ತೈವಾನ್ 786 ಎಂದು ನಾವು ಕರೆಯುವ ರೆಡ್ ಲೇಡಿಯೇ ಅಪ್ಪಟವಾಗಿದ್ದರೂ, ನೋನ್-ಯು ಕಂಪನಿಯ ಸೀಲು ಒಡೆಯದ ಪ್ಯಾಕೆಟ್ಟಿನದೇ ಆಗಿದ್ದರೂ, ಅದರಲ್ಲಿ ಹೆಣ್ಣೂ ದ್ವಿಲಿಂಗಿಯೂ ಬೆರೆತೇ ಇರುತ್ತವೆ. ಇದನ್ನು ಕಂಪನಿ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ನಮ್ಮ ಕಟ್ಟೆಯ ಪಂಡಿತರು.

ಸ್ವಲ್ಪ ಲೆಕ್ಕ ಹಾಕಿ. ಆರಡಿಗೆ ಆರಡಿ ಅಂತರದಲ್ಲಿ ಎಕರೆಗೆ 1210 ಗುಣಿ. ಸಸಿ ತುಟ್ಟಿ, ಆದ್ದರಿಂದ ಗುಣಿಗೆ ಒಂದೇ. ಮೂರರಲ್ಲಿ ಒಂದು ಹೆಣ್ಣು ಎಂದೇ ಇಟ್ಟುಕೊಂಡರೂ ಸುಮಾರು 400 ಗುಣಿಗಳಲ್ಲಿ ದುಂಡು ಕಾಯಿ. ಪೇಟೆಗೆ ಬೇಕಾದದ್ದು ನೀಳ ಕಾಯಿ. ಕಾಗದ ಸುತ್ತಿ ಪೆಟ್ಟಿಗೆಯಲ್ಲಿ ಅಡುಕಲು ಅದೇ ಅನುಕೂಲ, ತಿರುಳೂ ದಪ್ಪ. ವ್ಯಾಪಾರಿ ಬಂದಾಗ ದುಂಡು ಕಾಯಿಯನ್ನು ಬದಿಗಿಟ್ಟು ಅದಕ್ಕೆ ಬೇರೆ ದರ ಹೇಳುತ್ತಾನೆ. ಹೂ ಬಿಡುವ ಹೊತ್ತಿಗೆ ಐದು ತಿಂಗಳು ಕಳೆದಿರುವುದರಿಂದ ರೈತ ಆಗ ಏನೂ ಮಾಡುವ ಹಾಗಿಲ್ಲ. ಇದಕ್ಕೆ ನಾವು ಖಾತ್ರಿ ಎಂದು ಹೆಸರಿಟ್ಟಿದ್ದೇವೆ.

ಅದೇ ಗುಣಿಗೆ ನೀಳ ಹಣ್ಣಿನ ಬೀಜದಿಂದೆದ್ದ ಮೂರು ಸಸಿ ಹಚ್ಚಿ, ಗೇಣು ಗೇಣು ದೂರದಲ್ಲಿ. ಮೂರೂ ಹೆಣ್ಣಾಗುವ ಸಂಭವ 27ಕ್ಕೆ ಒಂದು. ಇಡೀ ಎಕರೆಯಲ್ಲಿ ಅಂಥ ಗುಣಿ ಸುಮಾರು 45. ಉಳಿದೆಲ್ಲ ಗುಣಿಗಳಲ್ಲಿ ಒಂದಾದರೂ ದ್ವಿಲಿಂಗಿ ಇದ್ದೇ ಇರುತ್ತದೆ. ಮೊದಲ ಹೂ ಅರಳಿದ ವಾರದಲ್ಲಿ ಸಾಲು ಹಿಡಿದು ನಡೆಯಿರಿ. ಸಪೂರ ಮೊಗ್ಗಿನ ಗಟ್ಟಿ ಗಿಡ ಒಂದನ್ನು ಉಳಿಸಿ, ಮಿಕ್ಕ ಎರಡನ್ನು ನೆಲಮಟ್ಟದಲ್ಲಿ ಕೊಯ್ದುಹಾಕಿ. ಕೀಳಬೇಡಿ, ಪಕ್ಕದ ಗಿಡದ ಬೇರು ಅಲುಗುತ್ತದೆ. ಆ 45 ಗುಣಿಗಳ ಹೆಣ್ಣು ಗಿಡ ನಷ್ಟವೇನಲ್ಲ, ಮೇ ತಿಂಗಳಲ್ಲಿ ದ್ವಿಲಿಂಗಿ ಕೈಕೊಟ್ಟಾಗಲೂ ಅವು ಕಾಯಿ ಕಟ್ಟುತ್ತವೆ. 400 ಎಲ್ಲಿ, 45 ಎಲ್ಲಿ! ಈ ಫಾಯಿದೆ ಸಿಕ್ಕಿದ್ದು ಯಾವ ತಳಿಯ ಪವಾಡದಿಂದಲೂ ಅಲ್ಲ. ಮೂರು ಸಸಿ ಎಬ್ಬಿಸಿ ಎರಡನ್ನು ಕೊಯ್ದುಹಾಕುವಷ್ಟು ಬೀಜ ಅಗ್ಗವಾಗಿತ್ತು, ಅಷ್ಟೇ. ಟ್ರೇ ಲೆಕ್ಕದಲ್ಲಿ ಸಸಿ ಕೊಂಡವನು ಎಕರೆಗೆ 3630 ಸಸಿಗೆ ದುಡ್ಡು ಕೊಟ್ಟು 2420ನ್ನು ಕುಡುಗೋಲಿಗೆ ಕೊಡುತ್ತಾನೆಯೇ?

ಇದು ನನ್ನ ತಲೆಯಲ್ಲಿ ಹುಟ್ಟಿದ ಉಪಾಯವಲ್ಲ. ಹವಾಯಿ ದ್ವೀಪಗಳಲ್ಲಿ ಪಪ್ಪಾಯಿ ಉದ್ಯಮ ನಿಂತದ್ದೇ ಹೀಗೆ. 1911ರಲ್ಲಿ ಬಾರ್ಬಡೋಸ್‌ನಿಂದ ಅಲ್ಲಿಗೆ ಬೀಜವಾಗಿ ಹೋದ ಒಂದು ತಳಿಗೆ ಆಮೇಲೆ ಸೋಲೋ ಎಂದು ಹೆಸರಾಯಿತು. ತನ್ನದೇ ಪರಾಗದಿಂದ ಬೀಜ ಕಟ್ಟುತ್ತ, ತಲೆಮಾರುಗಳ ಕಾಲ ಬೀಜದಿಂದಲೇ ಬೆಳೆಯುತ್ತ ಅದು ಗುಣ ಕೆಡಲಿಲ್ಲ. ಪಪ್ಪಾಯಿ ಸ್ವಂತ ಪರಾಗದಿಂದ ಸೊರಗುವ ಜಾತಿಯಲ್ಲ. ಅಲ್ಲಿನ ರೈತರು ಒಂದೊಂದು ಗುಣಿಗೆ ಹಲವು ಬೀಜ ಊರಿ, ಹೂ ಕಂಡ ಮೇಲೆ ದ್ವಿಲಿಂಗಿಯೊಂದನ್ನು ಉಳಿಸಿ ಮಿಕ್ಕದ್ದನ್ನು ಕೊಯ್ದರು. ಜಗತ್ತಿನ ಪೇಟೆಯಲ್ಲಿ ಹೆಸರು ಮಾಡಿದ ಹಣ್ಣು ಬೆಳೆದವರಿಗೆ ಇಲ್ಲದ ಬೀಜದ ಭಯ ನಮಗೆ ಯಾಕೆ?

ಆ ಸೋಲೋ ವಂಶ ನಮ್ಮ ಬಾಗಿಲಿಗೂ ಬಂದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸನ್‌ರೈಸ್ ಸೋಲೋಗೆ ಪಿಂಕ್ ಫ್ಲೆಶ್ ಸ್ವೀಟ್ ಎಂಬುದನ್ನು ಕೂಡಿಸಿ ಅರ್ಕಾ ಸೂರ್ಯ ತಳಿ ಮಾಡಿತು. ಮುಕ್ಕಾಲು ಕಿಲೋ ಆಚೀಚೆ ತೂಗುವ, ಮನೆಮಂದಿ ಒಂದೇ ಹೊತ್ತಿಗೆ ತಿಂದು ಮುಗಿಸುವ ಹಣ್ಣು. ಆಮೇಲೆ ಬಂದ ಅರ್ಕಾ ಪ್ರಭಾತ್ ಕಿಲೋ ತೂಗುತ್ತದೆ, ಗಿಡ ಗಿಡ್ಡ. ಕೊಡಗಿನ ಚೆಟ್ಟಳ್ಳಿ ಕೇಂದ್ರದಲ್ಲಿ ಆಯ್ದ ಕೂರ್ಗ್ ಹನಿ ಡ್ಯೂ ಇವಕ್ಕಿಂತ ಹಳೆಯದು. ಮೂರರಲ್ಲೂ ಗಂಡು ಗಿಡ ಬರುವುದಿಲ್ಲ, ಮೂರರ ಬೀಜವನ್ನೂ ರೈತ ತಾನೇ ಮಾಡಿಕೊಳ್ಳಬಹುದು. ಕನ್ನಡ ನೆಲದಲ್ಲೇ ಹುಟ್ಟಿದ ಈ ತಳಿಗಳ ಹೆಸರನ್ನು ಔರಾದಿನ ಗೊಬ್ಬರದಂಗಡಿಯಲ್ಲಿ ಕೇಳಿ ನೋಡಿ, ನಿಮ್ಮನ್ನು ಬೇರೆ ಊರಿನವರೆಂದು ತಿಳಿಯುತ್ತಾರೆ.

ಸಸಿಯ ಪರವಾಗಿ ವಾದಿಸುವವರ ಕೊನೆಯ ಆಸರೆ ವೈರಸ್. ಎಲೆ ಮುರುಟಿ, ಹಳದಿ ಹಸಿರು ಮಚ್ಚೆಯಾಗಿ, ಕೊನೆಗೆ ಎಲೆಯ ಹಾಳೆಯೇ ಇಲ್ಲದೆ ನರವಷ್ಟೇ ಉಳಿದು, ತೊಟ್ಟಿನ ಮೇಲೆ ಎಣ್ಣೆ ಸವರಿದಂಥ ಗೀರು, ಕಾಯಿಯ ಮೇಲೆ ಉಂಗುರ ಬೀಳುವ ಈ ರೋಗ ಬಂದರೆ ತೋಟ ಮುಗಿದಂತೆ ಎಂಬುದು ನಿಜ. ರೆಡ್ ಲೇಡಿ ಇದನ್ನು ತಾಳಿಕೊಳ್ಳುತ್ತದೆ ಎಂದು ಹೇಳಿ ಮಾರುತ್ತಾರೆ. ತಾಳಿಕೊಳ್ಳುವುದೆಂದರೆ ರೋಗ ತಟ್ಟುವುದಿಲ್ಲ ಎಂದಲ್ಲ. ಅದರ ತವರಿನ ಕಥೆಯನ್ನೇ ನೋಡಿ. ತೈವಾನಿನಲ್ಲಿ 1975ರಲ್ಲಿ ಈ ವೈರಸ್ ಕಾಣಿಸಿಕೊಂಡ ಮೇಲೆ ಬಯಲಲ್ಲಿ ಪಪ್ಪಾಯಿ ಬೆಳೆಯುವುದೇ ದುಸ್ತರವಾಗಿ ಅಲ್ಲಿನ ರೈತರು ಇಡೀ ತೋಟವನ್ನು ಬಲೆಮನೆಯೊಳಗೆ ಸೇರಿಸಿದರು. ತೈವಾನಿನವರು ಬಲೆ ಕಟ್ಟಿ ಬೆಳೆಯುವುದನ್ನು ನಾವು ಭಾಲ್ಕಿಯ ಬಟಾಬಯಲಲ್ಲಿ ಹಚ್ಚಿ 'ತೈವಾನ್ ಸಸಿ, ಏನೂ ಆಗಲ್ಲ' ಎಂದು ನೆಮ್ಮದಿಯಿಂದ ಮಲಗುತ್ತೇವೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಈ ವೈರಸ್ ಬೀಜದಲ್ಲಿ ಬರುವುದಿಲ್ಲ. ರೋಗ ಹತ್ತಿದ ಗಿಡದ ಹಣ್ಣಿನ ಬೀಜದಿಂದಲೂ ಆರೋಗ್ಯವಾದ ಸಸಿಯೇ ಏಳುತ್ತದೆ (ಹಾಗೆಂದು ಅಂಥ ಹಣ್ಣಿನ ಬೀಜ ಇಡಿ ಎಂದು ನಾನು ಹೇಳುತ್ತಿಲ್ಲ). ಆದರೆ ಸಸಿಯಲ್ಲಿ ಬರುತ್ತದೆ. ನರ್ಸರಿಯ ಪಕ್ಕದಲ್ಲೊಂದು ಹಳೆಯ ಪಪ್ಪಾಯಿ ತೋಟವಿದ್ದು, ಬಲೆಯಲ್ಲೊಂದು ತೂತಿದ್ದು, ರೋಗ ಹೊತ್ತ ಒಂದು ಸಸ್ಯಹೇನು ಹಾರಿ ಬಂದು ಕೂತರೆ ಸಾಕು. ಲಕ್ಷಣ ಕಾಣಲು ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಸಸಿ ನಿಮ್ಮ ಗುಣಿಯಲ್ಲಿರುತ್ತದೆ. ಸುರಕ್ಷಿತವಾದದ್ದು ಬೀಜ, ಸಂಶಯದ್ದು ಸಸಿ. ನಮ್ಮಲ್ಲಿ ನಂಬಿಕೆ ಪೂರಾ ಉಲ್ಟಾ. ಹೇನಿಗೆ ಔಷಧ ಹೊಡೆದು ವೈರಸ್ ತಡೆಯುತ್ತೇನೆನ್ನುವುದೂ ಭ್ರಮೆ. ಅದು ಸೊಂಡಿ ಚುಚ್ಚಿ ರುಚಿ ನೋಡುವ ನಿಮಿಷದೊಳಗೇ ರೋಗ ದಾಟಿಸಿರುತ್ತದೆ, ಔಷಧಕ್ಕೆ ಅದು ಸಾಯುವುದು ಆಮೇಲೆ. ಇದಕ್ಕೆ ಕೆಲಸಕ್ಕೆ ಬರುವುದು ನಮ್ಮ ಸೀಮೆಯ ಜೋಳವೇ. ಮೊದಲ ಮಳೆಗೆ ತೋಟದ ಸುತ್ತ ಮೂರು ನಾಲ್ಕು ಸಾಲು ಜೋಳವನ್ನೋ ಗೋವಿನಜೋಳವನ್ನೋ ಒತ್ತಾಗಿ ಬಿತ್ತಿದರೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಸುತ್ತಲಿನ ಹೆಸರು, ಉದ್ದು ಒಣಗಿ ಹೇನುಗಳು ರೆಕ್ಕೆ ಬಿಚ್ಚಿ ಹೊರಟಾಗ ಆ ಬೇಲಿ ಆಳೆತ್ತರ ನಿಂತಿರುತ್ತದೆ. ಹೇನು ಮೊದಲು ಅಲ್ಲಿಳಿದು ಸೊಂಡಿ ಚುಚ್ಚಿದರೆ ಅದಕ್ಕಂಟಿದ ವೈರಸ್ ಅಲ್ಲೇ ಖರ್ಚಾಗುತ್ತದೆ. ತೋಟದ ಬದಿಯಲ್ಲಿ ಸೌತೆ, ಕುಂಬಳ, ಹೀರೆ ಬಳ್ಳಿ ಹಬ್ಬಿಸದಿರುವುದೂ ಅಷ್ಟೇ ಮುಖ್ಯ, ಆ ಜಾತಿಗೂ ಈ ರೋಗ ತಗಲುತ್ತದೆ. ಇವು ಯಾವುವೂ ಟ್ರೇಯ ಜೊತೆ ಬರುವುದಿಲ್ಲ.

ಮಣ್ಣಿನ ವಿಚಾರಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಬಹಮನಿ ಸುಲ್ತಾನರು ಕೋಟೆಯ ಕಂದಕ ಕಡಿದದ್ದು, ನೌಬಾದಿನಲ್ಲಿ ಕರೇಜ್ ಎಂಬ ನೀರಿನ ಸುರಂಗ ಕೊರೆದದ್ದು ಇದೇ ಕಲ್ಲಿನಲ್ಲಿ. (ಆ ಸುಲ್ತಾನರು ಪಪ್ಪಾಯಿಯ ರುಚಿ ನೋಡಿದವರಲ್ಲ. ಕೋಟೆ ಎದ್ದಾಗ ಈ ಹಣ್ಣು ಇನ್ನೂ ಅಮೆರಿಕದಿಂದ ಹೊರಟೇ ಇರಲಿಲ್ಲ. ಪೋರ್ಚುಗೀಸರ ಕಾಲಕ್ಕೆ ಬಂದದ್ದು.) ಆ ನೆಲದಲ್ಲಿ ನೀರು ಬಸಿದು ಇಳಿಯುತ್ತದೆ, ಪಪ್ಪಾಯಿಗೆ ಹೇಳಿ ಮಾಡಿಸಿದಂತಿದೆ. ಕೆಳಗಿಳಿದು ಭಾಲ್ಕಿ ಕಡೆ, ಮಾಂಜ್ರಾ ದಂಡೆಗೆ, ಔರಾದಿಗೆ ಹೋದರೆ ಎರೆಹೊಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಮೊಳಕಾಲವರೆಗೆ ಕೆಸರು. ಪಪ್ಪಾಯಿ ಬುಡದಲ್ಲಿ ನೀರು ಒಂದೆರಡು ದಿನ ನಿಂತರೆ ಬೇರು ಉಸಿರುಗಟ್ಟಿ ಬುಡ ಕೊಳೆಯುತ್ತದೆ. ಎರಡೂ ನೆಲಕ್ಕೆ ಒಂದೇ ಟ್ರೇ ಸಸಿ, ಒಂದೇ ತಿಂಗಳಲ್ಲಿ, ಅದೂ ಟೆಂಪೋ ಬಂದ ದಿನ. ಅದು ಬರುವುದು ಬಹಳ ಸಲ ಮಳೆ ಹಿಡಿದ ಮೇಲೆ.

ಆ ಸಸಿಯನ್ನು ಟ್ರೇಯಿಂದ ಎತ್ತಿ ಕೋಕೋಪೀಟ್ ಉದುರಿಸಿ ನೋಡಿದ್ದೀರಾ? ತಡವಾಗಿ ಬಂದ ಸಸಿಯ ತಾಯಿಬೇರು ಅಂಗುಲ ಒಂದೂವರೆ ಇಳಿದು, ತಳ ಸಿಕ್ಕಿ, ಸುತ್ತಿ ಸುತ್ತಿ ಚಕ್ಕುಲಿಯಾಗಿರುತ್ತದೆ. ಬೇರಿಗೆ ಪೆಟ್ಟಾದರೆ ಸಹಿಸದ ಜಾತಿ ಪಪ್ಪಾಯಿ. ಸುರುಳಿ ಸುತ್ತಿದ ಆ ಬೇರು ಎರೆಮಣ್ಣಿನ ಆಳಕ್ಕೆ ಇಳಿಯುವುದಿಲ್ಲ, ಮೇಲೆಯೇ ಹರಡುತ್ತದೆ. ಕಾಯಿ ತುಂಬಿದ ಗಿಡ ಗಾಳಿ ಮಳೆಗೆ ವಾಲಿದಾಗ ನಾವು ಗಾಳಿಯನ್ನು ಬಯ್ಯುತ್ತೇವೆ. ಗುಣಿಯಲ್ಲೇ ಬೀಜ ಊರಿದರೆ ತಾಯಿಬೇರು ತನ್ನ ದಾರಿ ತಾನೇ ಹುಡುಕುತ್ತದೆ. ಬೀದರ್ ಸುತ್ತಲಿನ ಕೆಂಪು ನೆಲಕ್ಕೆ ನಾನು ಇದನ್ನೇ ಹೇಳುತ್ತೇನೆ. ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ಮಣ್ಣು ಹೆಪ್ಪುಗಟ್ಟಿ ಮೊಳಕೆ ಮೇಲೇಳುವುದು ಕಷ್ಟ, ಅಲ್ಲಿ ಮನೆಯಲ್ಲೇ ಸಸಿ ಎಬ್ಬಿಸಿ ಏರುಮಡಿಯ ಮೇಲೆ ಹಚ್ಚುವುದು ಲೇಸು.

ಎಬ್ಬಿಸುವುದು ಹೇಗೆ ಎಂದು ಹೇಳದೆ ಬರೀ ಜಗಳ ಕಾಯುವುದು ಸರಿಯಲ್ಲ. ಚೆನ್ನಾಗಿ ಕಾಯಿ ಹಿಡಿದ, ರೋಗವಿಲ್ಲದ ದ್ವಿಲಿಂಗಿ ಗಿಡದಲ್ಲಿ ನಾಳೆ ಅರಳುವಂತಿರುವ ಮೊಗ್ಗಿಗೆ ಕಾಗದದ ಚೀಲ ಕಟ್ಟಿ, ತೊಟ್ಟಿಗೊಂದು ದಾರ. ಹೊರಗಿನ ಪರಾಗ ಬರುವುದಿಲ್ಲ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆಯಿರಿ. ಹಣ್ಣಾದಾಗ ಗಿಡದ ಮೇಲೇ ಬಣ್ಣ ತಿರುಗಲು ಬಿಡಿ. ಬೀಜದ ಸುತ್ತ ಲೋಳೆಯ ಪೊರೆಯೊಂದಿರುತ್ತದೆ. ಮೊಳಕೆಯನ್ನು ತಡೆಯುವುದು ಅದೇ. ಬೀಜ ಹಾಕಿದೆ, ಹುಟ್ಟಲೇ ಇಲ್ಲ ಎನ್ನುವ ದೂರುಗಳಲ್ಲಿ ಬಹುಪಾಲಿಗೆ ಕಾರಣ ಈ ಪೊರೆ. ಒಲೆಯ ಬೂದಿ ಹಾಕಿ ಅಂಗೈಯಲ್ಲಿ ಉಜ್ಜಿದರೆ ಅದು ಚಿಟ್ ಚಿಟ್ ಎಂದು ಒಡೆದು ಒಳಗಿನ ಸುಕ್ಕುಗಟ್ಟಿದ ಕರಿ ಬೀಜ ಹೊರಬರುತ್ತದೆ. ತೊಳೆದು, ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ. ಬಹಳ ದಿನ ಇಡಬೇಡಿ, ಪಪ್ಪಾಯಿ ಬೀಜದ ಜೀವ ಬೇಗ ಇಳಿಯುತ್ತದೆ. ಎಕರೆಗೆ ಎಂಟು ಹತ್ತು ಹಣ್ಣು ಧಾರಾಳ.

ನಮ್ಮಲ್ಲಿ ಡಿಸೆಂಬರ್ ಚಳಿ ಗಟ್ಟಿ, ಆಗ ಬಿತ್ತಿದರೆ ಬೀಜ ಮಲಗಿಬಿಡುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ತಿರುಗಿದ ಮೇಲೆ, ತಳಕ್ಕೆ ತೂತು ಹಾಕಿದ ಹಾಲಿನ ಪ್ಯಾಕೆಟ್ಟುಗಳಲ್ಲಿ ಕೆಮ್ಮಣ್ಣು, ಉಸುಕು, ಕಳಿತ ತಿಪ್ಪೆಗೊಬ್ಬರ ತುಂಬಿ, ಅರ್ಧ ಅಂಗುಲ ಆಳಕ್ಕೆ ಊರಿ. ಎರಡು ಮೂರು ವಾರಕ್ಕೆ ಮೊಳಕೆ. ನೀರು ಜಾಸ್ತಿಯಾದರೆ ಸಸಿ ಬುಡದಲ್ಲೇ ಕೊಳೆತು ಬೀಳುತ್ತದೆ. ಕೈ ಬಿಗಿಹಿಡಿಯಿರಿ, ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿದ್ದರೆ ಇನ್ನೂ ಒಳ್ಳೆಯದು. ಹೊರಸಿನ ಗಾತ್ರದ ಚೌಕಟ್ಟಿಗೆ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ನೈಲಾನ್ ಬಲೆ ಬಿಗಿದು ಮುಚ್ಚಿದರೆ ಹೇನಿಗೆ ದಾರಿಯಿಲ್ಲ. ಯುಗಾದಿ ಆಚೀಚೆ ಹಚ್ಚಿ, ಡ್ರಿಪ್ ಕೊಟ್ಟು, ತೊಗರಿ ಕಟ್ಟಿಗೆಯ ನೆರಳು ಮಾಡಿ ಬೇಸಿಗೆ ದಾಟಿಸಿದರೆ, ಜುಲೈ ಮಳೆಗೆ ಗಿಡ ಸೊಂಟದೆತ್ತರ ಬಂದಿರುತ್ತದೆ. ಬೇಸಿಗೆಗೆ ನೀರಿಲ್ಲದವರು ಹೇಗೂ ಪಪ್ಪಾಯಿಯ ಗೊಡವೆಗೆ ಹೋಗಬಾರದು, ಸಸಿ ಎಲ್ಲಿಂದ ತಂದರೂ.

ತಕರಾರುಗಳು ಉಳಿದಿವೆ. ಹೈಬ್ರಿಡ್ ಹಣ್ಣಿನ ಬೀಜ ಮುಂದಿನ ಪೀಳಿಗೆಯಲ್ಲಿ ಒಡೆಯುತ್ತದೆ, ಒಂದೇ ತರ ಬರುವುದಿಲ್ಲ ಎನ್ನುತ್ತಾರೆ. ನಿಜ. ಗಾತ್ರ, ಸಿಹಿ, ಗಿಡದ ಎತ್ತರ ಏರುಪೇರಾಗುತ್ತದೆ. ಕೆಂಪು ಮಾತ್ರ ಕೆಡುವುದಿಲ್ಲ. ಹಳದಿ ತಿರುಳು ಪ್ರಬಲ ಗುಣ, ಕೆಂಪು ಅಡಗುವ ಗುಣ, ಆದ್ದರಿಂದ ಕೆಂಪಿಗೆ ಕೆಂಪೇ ಕೂಡಿದರೆ ಕೆಂಪೇ ಹುಟ್ಟುತ್ತದೆ. ದೂರದ ಪೇಟೆಗೆ ಒಂದೇ ಅಳತೆಯ ಮಾಲು ಲಾರಿಗಟ್ಟಲೆ ಕಳಿಸುವ ದೊಡ್ಡ ತೋಟದವನು ಹೈಬ್ರಿಡ್ ಬೀಜ ಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಅವನೂ ಸಸಿಗಿಂತ ಬೀಜವನ್ನೇ ಕೊಳ್ಳಲಿ. ಹತ್ತು ಗ್ರಾಂ ಪ್ಯಾಕೆಟ್ಟಿನಲ್ಲಿ ಸುಮಾರು ಆರುನೂರು ಬೀಜ. ತನ್ನ ಬಲೆಯ ಕೆಳಗೆ ತಾನೇ ಎಬ್ಬಿಸಿದರೆ ಒಳಗಿರುವುದು ಏನೆಂದಾದರೂ ಗೊತ್ತಿರುತ್ತದೆ. ಟ್ರೇಗೆ ಚುಚ್ಚಿದ ಚೀಟಿಯ ಮೇಲೆ 786 ಎಂದು ಯಾರು ಬೇಕಾದರೂ ಬರೆಯಬಹುದು. ಒಂದೆರಡು ಎಕರೆಯವನಿಗೆ, ಹೈದರಾಬಾದಿನವರೆಗೂ ಹೋಗದೆ ಬೀದರ್, ಉದಗೀರ್, ಜಹೀರಾಬಾದ್ ಸಂತೆಗಳಲ್ಲೇ ಮಾರುವವನಿಗೆ, ಅರ್ಕಾ ತಳಿಗಳೇ ಸಾಕು. ಅವು ಹೈಬ್ರಿಡ್ಡಿನ ಹಾಗೆ ಒಡೆಯುವುದೂ ಇಲ್ಲ.

ಬೀಜ ಉಳಿಸಿಕೊಂಡರೆ ಕಂಪನಿಯವರು ಕೇಸು ಹಾಕುತ್ತಾರೆ ಎಂಬ ಪಿಸುಮಾತನ್ನೂ ಕೇಳಿದ್ದೇನೆ. 2001ರ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಂ ತೆರೆದು ನೋಡಲಿ. ತನ್ನ ಹೊಲದ ಬೀಜವನ್ನು ಉಳಿಸಲು, ಮರಳಿ ಬಿತ್ತಲು, ಹಂಚಲು, ಮಾರಲೂ ರೈತನಿಗೆ ಹಕ್ಕಿದೆ. ರಕ್ಷಿತ ತಳಿಯ ಬೀಜವನ್ನು ಬ್ರಾಂಡು ಅಂಟಿಸಿ ಮಾರುವ ಹಾಗಿಲ್ಲ, ಅಷ್ಟೇ.

ಬೀದರಿನ ಹಳ್ಳದಕೇರಿಯಲ್ಲಿ ತೋಟಗಾರಿಕೆ ಕಾಲೇಜಿದೆ, ಜಿಲ್ಲೆಗೊಂದು ಕೃಷಿ ವಿಜ್ಞಾನ ಕೇಂದ್ರವಿದೆ. ಅವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಅರ್ಕಾ ಸೂರ್ಯ, ಅರ್ಕಾ ಪ್ರಭಾತ್ ಬೀಜವನ್ನು ಎಕರೆ ಲೆಕ್ಕದ ಪೊಟ್ಟಣಗಳಲ್ಲಿ ಕಟ್ಟಿ ಸಂಕ್ರಾಂತಿಯ ಮೊದಲೇ ಔರಾದ್, ಭಾಲ್ಕಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಇಡಿಸಲಿ. ಹೂವಿನ ಹಂತದಲ್ಲಿ ಹಳ್ಳಿಗೊಂದು ತೋಟದಲ್ಲಿ ಒಂದು ಮುಂಜಾನೆ ನಿಂತು ಯಾವ ಮೊಗ್ಗು ಹೆಣ್ಣು, ಯಾವುದು ದ್ವಿಲಿಂಗಿ ಎಂದು ತೋರಿಸಲಿ. ಅದನ್ನು ಕಲಿಯಲು ಅರ್ಧ ಗಂಟೆ ಬೇಡ.

'ಇಷ್ಟೆಲ್ಲ ಯಾರು ಮಾಡ್ತಾರ್ರಿ' ಎಂಬುದು ಕೊನೆಯ ತಕರಾರು. ಈ ಸೀಮೆಯ ಹಳ್ಳಿಮನೆಗಳಲ್ಲಿ ಮೆಣಸಿನಕಾಯಿ, ಬದನೆ, ಉಳ್ಳಾಗಡ್ಡಿ ಅಗಿಯನ್ನು ಹೆಂಗಸರು ಹಿತ್ತಲ ಮಡಿಯಲ್ಲಿ ಲಾಗಾಯ್ತಿನಿಂದ ಎಬ್ಬಿಸುತ್ತ ಬಂದಿದ್ದಾರೆ. ಯಾವ ಕಾಯಿಯನ್ನು ಬೀಜಕ್ಕೆ ಬಿಡಬೇಕು, ಎಷ್ಟು ಬೂದಿ, ಎಷ್ಟು ನೀರು ಎಂಬುದು ಅವರಿಗೆ ಗೊತ್ತು. ಪಪ್ಪಾಯಿ ಅಗಿ ಎಬ್ಬಿಸಲು ಆಗುವುದಿಲ್ಲ ಎಂಬ ಮಾತನ್ನು ಅವರ್ಯಾರ ಬಾಯಿಂದಲೂ ನಾನು ಕೇಳಿಲ್ಲ. ಅವರನ್ನು ಯಾರೂ ಕೇಳಿಯೂ ಇಲ್ಲ.